ಸ್ಕೂಟರಿನಲ್ಲಿ ಕೂರುವಷ್ಟು ಗಿಡ್ಡ ದೂರದರ್ಶಕ ಮಾಡುವ ಬಗೆ

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಸಂದಿಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಮೊದಲ ದೂರದರ್ಶಕ ಮಾಡಿದ್ದು ಅಂಗಡಿಯಲ್ಲಿ ಮಿಕ್ಕ ಮಾಲಿನಲ್ಲೇ. ಪ್ಲಸ್ 1 ಪವರಿನ ಲೆನ್ಸ್ ಅಂದರೆ ಅದರ ಫೋಕಸ್ ದೂರ 1 ಮೀಟರ್, ಪ್ಲಸ್ 2 ಅಂದರೆ ಅರ್ಧ ಮೀಟರ್. ನಮ್ಮ ಕಸುಬಿನವರಿಗೆ ಇದು ಮಗ್ಗಿ ಇದ್ದ ಹಾಗೆ. ಒಂದು ಪ್ಲಸ್ 1 ಲೆನ್ಸನ್ನು ಪಿವಿಸಿ ಪೈಪಿನ ತುದಿಗೆ ಕೂರಿಸಿ, ಮುಂದೆ 30 ಮಿ.ಮೀ. ತೂತಿನ ರಟ್ಟು ಅಂಟಿಸಿ, ಇನ್ನೊಂದು ತುದಿಗೆ ಹಳೆ ಬೈನಾಕ್ಯುಲರಿನ ಕಣ್ಣುಮಸೂರ ತುರುಕಿದೆ. ಚಂದ್ರನ ಕುಳಿ ಕಂಡವು, ಗುರುವಿನ ಪಕ್ಕ ನಾಲ್ಕು ಚುಕ್ಕಿ ಕಂಡವು. ಅದೇ ಸಂಭ್ರಮದಲ್ಲಿ ಪೈಪು ಹಿಡಿದು ಬಾಗೇಪಲ್ಲಿ ಬಸ್ಸು ಹತ್ತಿದೆ ನೋಡಿ, ಮುಂದಿನವರ ತಲೆಗೆ ಒಂದು, ಹಿಂದಿನವರ ಪಕ್ಕೆಗೆ ಒಂದು. ಇಳಿಯುವಷ್ಟರಲ್ಲಿ ಅರ್ಧ ಬಸ್ಸು ನನ್ನನ್ನು ಬೈಯುತ್ತಿತ್ತು.

ಗಿಡ್ಡ ಮಾಡೋಣ ಅಂತ ಪ್ಲಸ್ 2 ಹಾಕಿದೆ. ಚಂದ್ರನ ಅಂಚಿಗೆ ನೇರಳೆ ಸೆರಗು ಬಂತು. ಒಂಟಿ ಮಸೂರ ಎಲ್ಲ ಬಣ್ಣವನ್ನೂ ಒಂದೇ ಜಾಗದಲ್ಲಿ ಕೂಡಿಸುವುದಿಲ್ಲ. ಬಣ್ಣ ಎಷ್ಟು ಚದುರುತ್ತದೆ ಅಂತ ಹೇಳುವುದು ಅಬ್ಬೆ ಸಂಖ್ಯೆ, ಅದು ಹೆಚ್ಚಿದ್ದಷ್ಟೂ ಚದುರುವುದು ಕಡಿಮೆ. ನಾವು ದಿನಾ ಮಾರುವ ಸಿಆರ್-39 ಪ್ಲಾಸ್ಟಿಕ್ಕಿನದು 58. ಅಂದರೆ 1 ಮೀಟರಿನ ಲೆನ್ಸಿನಲ್ಲಿ ಕೆಂಪು ಕೂಡುವ ಜಾಗಕ್ಕೂ ನೀಲಿ ಕೂಡುವ ಜಾಗಕ್ಕೂ ಸುಮಾರು 17 ಮಿ.ಮೀ. ಅಂತರ. ಪಾಲಿಕಾರ್ಬೊನೇಟಿನದು 30, ಹಾಗಾಗಿ ಅಂತರ 33 ಮಿ.ಮೀ. ಮಕ್ಕಳ ಕನ್ನಡಕಕ್ಕೆ ಅದು ಒಳ್ಳೆ ಗಟ್ಟಿ, ದೂರದರ್ಶಕಕ್ಕೆ ಮಾತ್ರ ಬೇಡವೇ ಬೇಡ. ಅಗಲ ಅಷ್ಟೇ ಇಟ್ಟು ಉದ್ದ ಅರ್ಧ ಮಾಡಿದರೆ, ಚಂದ್ರನನ್ನು ಮೊದಲಿನಷ್ಟೇ ದೊಡ್ಡದಾಗಿ ನೋಡುವಾಗ ಬಣ್ಣದ ಮಸುಕು ಇಮ್ಮಡಿಯಾಗುತ್ತದೆ.

ಇದಕ್ಕೆ ಮದ್ದು ಕನ್ನಡಿ. ಕನ್ನಡಿ ಎಲ್ಲ ಬಣ್ಣವನ್ನೂ ಒಂದೇ ಕಡೆಗೆ ಮರಳಿಸುತ್ತದೆ. ನ್ಯೂಟನ್ 1668ರಲ್ಲಿ ಮಾಡಿದ್ದ ಮೊದಲ ಪ್ರತಿಫಲನ ದೂರದರ್ಶಕ ಒಂದು ಗೇಣೂ ಇರಲಿಲ್ಲ. ಆದರೆ ಕನ್ನಡಿಯಲ್ಲೂ ಗಿಡ್ಡತನ ಪುಕ್ಕಟೆ ಸಿಗುವುದಿಲ್ಲ. ಅದು ಸಾಲ. ಉದ್ದದಲ್ಲಿ ಉಳಿಸಿದ್ದನ್ನು ಕನ್ನಡಿಗಳ ಹೊಂದಾಣಿಕೆಯಲ್ಲಿ ಬಡ್ಡಿ ಸಮೇತ ತೀರಿಸಬೇಕು. ಬಡ್ಡಿ ಎಲ್ಲೆಲ್ಲಿ ಬೀಳುತ್ತದೆ, ಎಷ್ಟು ಬೀಳುತ್ತದೆ ಅಂತ ಮೊದಲೇ ಗೊತ್ತಿದ್ದರೆ ಕೆಲಸ ಹಗುರ. ನನಗೆ ಗೊತ್ತಿರಲಿಲ್ಲ. ಹಾಗಾಗಿ ಮೂರು ಪೆಟ್ಟಿಗೆ ಹಾಳು ಮಾಡಿ ನಾಲ್ಕನೆಯದು ಸರಿ ಮಾಡಿಕೊಂಡೆ.

ಪೆಟ್ಟಿಗೆಯ ಲೆಕ್ಕ

ಎಲ್ಲರೂ ಕನ್ನಡಿ ಕೊಂಡು ಆಮೇಲೆ ಪೆಟ್ಟಿಗೆ ಯೋಚಿಸುತ್ತಾರೆ. ನೀವು ಮೊದಲು ಸ್ಕೂಟರಿನ ಕಾಲಿಡುವ ಜಾಗ ಅಳೆಯಿರಿ. ನನ್ನದರಲ್ಲಿ 50 ಸೆಂ.ಮೀ. ಉದ್ದ, 17 ಸೆಂ.ಮೀ. ಅಗಲದ ಪೆಟ್ಟಿಗೆಯನ್ನು ಎರಡು ಕಾಲಿನ ನಡುವೆ ನಿಲ್ಲಿಸಿಕೊಂಡು ಗುಡಿಬಂಡೆಯವರೆಗೆ ಹೋಗಬಹುದು. ಅದಕ್ಕೆ ಹೊಂದುವುದು 114 ಮಿ.ಮೀ. ಅಗಲ, 500 ಮಿ.ಮೀ. ಫೋಕಸ್ ದೂರದ ಕನ್ನಡಿ. ಫೋಕಸ್ ದೂರವನ್ನು ಕನ್ನಡಿಯ ಅಗಲದಿಂದ ಭಾಗಿಸಿದರೆ 4.4, ಅಂದರೆ ಎಫ್ 4.4. ಇದೇ ಅಗಲದ್ದು 900 ಮಿ.ಮೀ.ನಲ್ಲೂ ಸಿಗುತ್ತದೆ, ಎಫ್ 7.9. ಅದು ಸಾಧು ಹಸು, ಯಾರು ಕರೆದರೂ ಹಾಲು ಕೊಡುತ್ತದೆ, ಆದರೆ ಸ್ಕೂಟರಿಗೆ ಹತ್ತುವುದಿಲ್ಲ.

114 ಮಿ.ಮೀ. ಏನು ಮಹಾ ಅನ್ನಬೇಡಿ. ನಮ್ಮ ಜಿಲ್ಲೆಯ ಗೌರಿಬಿದನೂರಿನ ಹತ್ತಿರದ ರೇಡಿಯೊ ದೂರದರ್ಶಕದ ಬಗ್ಗೆ ಕೇಳಿದ್ದೀರಾ? 34.5 ಮೆಗಾಹರ್ಟ್ಸ್‌ಗೆಂದು 1970ರ ದಶಕದಲ್ಲಿ ಕಟ್ಟಿದ್ದು. ಪೂರ್ವ-ಪಶ್ಚಿಮವಾಗಿ ಸುಮಾರು 1.4 ಕಿ.ಮೀ. ಉದ್ದಕ್ಕೆ ಸಾಲಾಗಿ ನಿಂತ ಆಂಟೆನಾಗಳು. ಅಷ್ಟುದ್ದ ಇದ್ದೂ ಅದು ಬಿಡಿಸಿ ನೋಡಬಲ್ಲ ಸಣ್ಣ ಕೋನ ಅರ್ಧ ಡಿಗ್ರಿಗೆ ತುಸು ಕಡಿಮೆ, ಹೆಚ್ಚುಕಡಿಮೆ ಒಂದು ಹುಣ್ಣಿಮೆ ಚಂದ್ರನಷ್ಟು. ಅದು ಹಿಡಿಯುವ ಅಲೆಯ ಉದ್ದವೇ 8.7 ಮೀಟರ್, ಇನ್ನೇನು ಮಾಡಲು ಸಾಧ್ಯ. ಬೆಳಕಿನ ಅಲೆ ಮಿ.ಮೀ.ನ ಸಾವಿರದಲ್ಲಿ ಅರ್ಧ ಭಾಗ. ಅದಕ್ಕೇ ಅಂಗೈ ಅಗಲದ ಕನ್ನಡಿ 1 ಆರ್ಕ್ ಸೆಕೆಂಡ್ ಬಿಡಿಸುತ್ತದೆ, ಅಂದರೆ 1 ಡಿಗ್ರಿಯ 3600ನೇ ಪಾಲು. ಸೂರ್ಯ ಮತ್ತು ಗ್ಯಾಲಕ್ಸಿಗಳ ರೇಡಿಯೊ ಸದ್ದು ಕೇಳಲು ಅವರಿಗೆ ಹೊಲಗಟ್ಟಲೆ ಜಾಗ ಬೇಕು, ಶನಿಯ ಉಂಗುರ ನೋಡಲು ನಮಗೆ ಒಂದು ಪೆಟ್ಟಿಗೆ ಸಾಕು.

ಈಗ ಒಳಗಿನ ಲೆಕ್ಕ. ದೊಡ್ಡ ಕನ್ನಡಿಯಿಂದ ಕೋನ್ ಆಕಾರದಲ್ಲಿ ಕಿರಿದಾಗುತ್ತಾ ಬಂದ ಬೆಳಕನ್ನು, 45 ಡಿಗ್ರಿ ಓರೆಯಾಗಿ ನಿಂತ ಒಂದು ಸಣ್ಣ ಅಡ್ಡ ಕನ್ನಡಿ ತಿರುಗಿಸಿ ಪಕ್ಕಕ್ಕೆ ಕಳಿಸುತ್ತದೆ. ಅಡ್ಡ ಕನ್ನಡಿ ಎಷ್ಟು ಸಣ್ಣದಿದ್ದರೆ ಅಷ್ಟು ಒಳ್ಳೆಯದು, ಬರುವ ಬೆಳಕಿಗೆ ಅದು ಅಡ್ಡ ನಿಂತಿರುತ್ತದಲ್ಲ. ಅದರ ಅಳತೆ ನಿಂತಿರುವುದು ಒಂದೇ ಸಂಖ್ಯೆಯ ಮೇಲೆ: ಪೆಟ್ಟಿಗೆಯ ನಡುಗೆರೆಯಿಂದ ಕಣ್ಣುಮಸೂರದ ಫೋಕಸ್ ಜಾಗಕ್ಕೆ ಎಷ್ಟು ದೂರ. ನನ್ನ ಪೆಟ್ಟಿಗೆಯ ಒಳ ಅಗಲ 150 ಮಿ.ಮೀ., ಅದರ ಅರ್ಧ 75. ಪ್ಲೈವುಡ್ 9. ಕಣ್ಣುಮಸೂರವನ್ನು ಹಿಂದೆ ಮುಂದೆ ಸರಿಸುವ ಫೋಕಸರಿನ ಎತ್ತರ 45. ಮೇಲೆ ಆಟಕ್ಕೆ 11. ಒಟ್ಟು 140. ಇದನ್ನು 114ರಿಂದ ಗುಣಿಸಿ 500ರಿಂದ ಭಾಗಿಸಿದರೆ 32. ಅಷ್ಟು ಇರಲೇಬೇಕು, ಇಲ್ಲವಾದರೆ ದೊಡ್ಡ ಕನ್ನಡಿಯ ಅಂಚಿನ ಬೆಳಕು ಹೊರಗೆ ಚೆಲ್ಲಿ ಹೋಗುತ್ತದೆ. ಸಿಗುವ ಅಳತೆ 35, ಅದನ್ನೇ ಹಾಕಿ. ನಡುವಿನ 4 ಮಿ.ಮೀ. ಜಾಗಕ್ಕೆ ಪೂರ್ತಿ ಬೆಳಕು ಸಿಗುತ್ತದೆ. ಕಣ್ಣಲ್ಲಿ ನೋಡುವವರಿಗೆ ಸಾಕು.

ಮೊದಲ ಪೆಟ್ಟಿಗೆಗೆ ನಾನು ಹಾಕಿದ್ದು 80 ಮಿ.ಮೀ. ಎತ್ತರದ ಹಲ್ಲುಚಕ್ರದ ಫೋಕಸರ್. ಆಗ ಮೇಲಿನ ಮೊತ್ತ 175 ಆಯಿತು, ಅಡ್ಡ ಕನ್ನಡಿ 40 ಮಿ.ಮೀ. ಕೇಳಿತು. ಫೋಕಸರ್ 1 ಸೆಂ.ಮೀ. ಎತ್ತರವಾದರೆ ಅಡ್ಡ ಕನ್ನಡಿ 2.3 ಮಿ.ಮೀ. ಅಗಲವಾಗುತ್ತದೆ ಅಂತ ನೆನಪಿಡಿ. ಬಡ್ಡಿಯ ಮೊದಲ ಕಂತು ಇದು.

ಪ್ಲೈವುಡ್ ಕೊಯ್ಯುವ ಮೊದಲು ದ್ರಾಕ್ಷಿ ಪೆಟ್ಟಿಗೆಯ ರಟ್ಟಿನಲ್ಲಿ ಒಂದು ಮಾದರಿ ಮಾಡಿ. ನಮ್ಮೂರಲ್ಲಿ ದ್ರಾಕ್ಷಿ ಸುಗ್ಗಿಯಲ್ಲಿ ಆ ರಟ್ಟಿಗೆ ಬರವಿಲ್ಲ. ಕನ್ನಡಿಯ ಮುಖದಿಂದ ಅಡ್ಡ ಕನ್ನಡಿಯ ನಡುವಿಗೆ 500ರಲ್ಲಿ 140 ಕಳೆದು 360 ಮಿ.ಮೀ. ಹಿಂದೆ ಕನ್ನಡಿಯ ಗೂಡಿಗೆ 45, ಮುಂದೆ ಅಡ್ಡ ಕನ್ನಡಿಯ ಆಚೆಗೆ 90. ಆ ಮುಂದಿನ 90 ಮಿ.ಮೀ. ದಂಡ ಅಂತ ಕತ್ತರಿಸಿಬಿಡುವ ಆಸೆ ಬರುತ್ತದೆ. ಕತ್ತರಿಸಬೇಡಿ. ಫೋಕಸರಿನ ತೂತಿಗೆ ಬೀದಿದೀಪದ ಬೆಳಕು ನೇರವಾಗಿ ನುಗ್ಗದಂತೆ ತಡೆಯುವುದು ಅದೇ ಜಗಲಿ.

ವಡೆ ಪರೀಕ್ಷೆ

ಕನ್ನಡಿ ಕೊಳ್ಳುವಾಗ ಒಂದು ಮೋಸ ಇದೆ. 900 ಮಿ.ಮೀ. ಫೋಕಸಿನದಾದರೆ ಗೋಳದ ಮೈಯೇ ಸಾಕು, ಯಾಕೆಂದರೆ ಗೋಳಕ್ಕೂ, ನೇರ ಬಂದ ಬೆಳಕನ್ನೆಲ್ಲ ಒಂದೇ ಚುಕ್ಕಿಗೆ ಕೂಡಿಸುವ ಪ್ಯಾರಾಬೊಲಾ ಎಂಬ ಬಾಗಿಗೂ ಅಂಚಿನಲ್ಲಿ ಬರುವ ವ್ಯತ್ಯಾಸ 0.23 ಮೈಕ್ರಾನ್ ಮಾತ್ರ. 500 ಮಿ.ಮೀ. ಆದ ಕೂಡಲೆ ಅದು 1.3 ಮೈಕ್ರಾನ್ ಆಗುತ್ತದೆ. ತಲೆಗೂದಲಿನ ಐವತ್ತನೇ ಭಾಗವೂ ಅಲ್ಲ, ಆದರೆ ಬೆಳಕಿನ ಅಲೆಗಿಂತ ಎರಡು ಪಟ್ಟು ದೊಡ್ಡದು. ಆ ಅಂತರ ಉಜ್ಜಿ ತೆಗೆದಿರದಿದ್ದರೆ ನಕ್ಷತ್ರ ಎಂದೂ ಚುಕ್ಕಿಯಾಗಿ ಕೂಡುವುದಿಲ್ಲ. ಅಗ್ಗದ 500 ಮಿ.ಮೀ. ಕನ್ನಡಿಗಳಲ್ಲಿ ಗೋಳದವೂ ಇವೆ, ಡಬ್ಬಿಯ ಮೇಲೆ ಏನು ಬರೆದಿದ್ದರೂ ನಂಬಬೇಡಿ.

ಅಂಗಡಿ ಬಾಗಿಲು ಹಾಕಿ ಕತ್ತಲು ಮಾಡಿ ನಾನೇ ಪರೀಕ್ಷೆ ಮಾಡಿದ್ದು ಹೀಗೆ. ಕನ್ನಡಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಅದರಿಂದ 1 ಮೀಟರ್ ದೂರದಲ್ಲಿ, ಅಂದರೆ ಫೋಕಸ್ ದೂರದ ಎರಡರಷ್ಟಕ್ಕೆ, ಅಲ್ಯೂಮಿನಿಯಂ ಹಾಳೆ ಸುತ್ತಿ ಸೂಜಿಯಲ್ಲಿ ಚುಚ್ಚಿದ ಒಂದು ಎಲ್‌ಇಡಿ ಇಡಿ. ಮರಳಿ ಬಂದ ಬೆಳಕಿನ ಚುಕ್ಕಿ ಅದರ ಪಕ್ಕದಲ್ಲೇ ಬೀಳಬೇಕು. ಆ ಚುಕ್ಕಿಯ ಹಿಂದೆ ಕಣ್ಣಿಟ್ಟರೆ ಇಡೀ ಕನ್ನಡಿ ಬೆಳಗಿ ಕಾಣುತ್ತದೆ. ಈಗ ಶೇವಿಂಗ್ ಬ್ಲೇಡನ್ನು ಪಕ್ಕದಿಂದ ಮೆಲ್ಲಗೆ ಚುಕ್ಕಿಗೆ ಅಡ್ಡ ತನ್ನಿ. ಗೋಳದ ಕನ್ನಡಿಯಾದರೆ ಪೂರ್ತಿ ಮುಖ ಒಂದೇ ಸಲ ಬೂದಿ ಬಣ್ಣಕ್ಕೆ ತಿರುಗಿ ಆರಿಹೋಗುತ್ತದೆ. ಪ್ಯಾರಾಬೊಲಾ ಆದರೆ ಪಕ್ಕದಿಂದ ದೀಪ ಬಿಟ್ಟ ಉದ್ದಿನ ವಡೆ ಕಂಡ ಹಾಗೆ ಕಾಣುತ್ತದೆ: ನಡುವೆ ತಗ್ಗು, ಸುತ್ತ ಉಬ್ಬು, ಒಂದು ಕಡೆ ನೆರಳು. ಫ್ರಾನ್ಸಿನ ಫೂಕೊ 1858ರ ಸುಮಾರಿಗೆ ಕಂಡುಕೊಂಡ ಉಪಾಯ ಇದು, ಇವತ್ತಿಗೂ ಇದಕ್ಕಿಂತ ಅಗ್ಗದ್ದು ಬಂದಿಲ್ಲ. ನಾನು ಮೊದಲು ತರಿಸಿದ ಕನ್ನಡಿಯಲ್ಲಿ ವಡೆ ಕಾಣಲಿಲ್ಲ. ವಾಪಸ್ ಮಾಡಲು ಹೋದರೆ ಹತ್ತು ದಿನದ ಗಡುವು ಮುಗಿದಿತ್ತು. ಅದು ಈಗ ಅಂಗಡಿಯಲ್ಲಿ ಗಿರಾಕಿಗಳು ಮುಖ ನೋಡಿಕೊಳ್ಳಲು ಇದೆ. ಮೂಗು ದೊಡ್ಡದಾಗಿ ಕಾಣುತ್ತದೆ ಅಂತ ಯಾರೂ ನೋಡಿಕೊಳ್ಳುವುದಿಲ್ಲ.

ಬಿಗಿ ಮಾಡಬೇಡಿ

ಇದು ನನ್ನ ಕಸುಬೇ ನನಗೆ ಕೈಕೊಟ್ಟ ಕಥೆ. ಫ್ರೇಮಿನಲ್ಲಿ ಲೆನ್ಸ್ ಅಲ್ಲಾಡಬಾರದು ಅನ್ನುವುದು ನಮ್ಮಪ್ಪ ಕಲಿಸಿದ ಮೊದಲ ಪಾಠ. ಹಾಗೇ ಕನ್ನಡಿಯ ಸುತ್ತ ಮೂರು ಹಿಡಿಕೆ ಹಾಕಿ, ಸ್ಕ್ರೂ ತಿರುಗುವವರೆಗೂ ತಿರುಗಿಸಿದೆ. ಆ ರಾತ್ರಿ ಅಭಿಜಿತ್ ನಕ್ಷತ್ರಕ್ಕೆ ಹಿಡಿದರೆ ದುಂಡಗೆ ಕಾಣಬೇಕಾದ್ದು ಸಮೋಸದ ಹಾಗೆ ಮೂರು ಮೂಲೆಯಾಗಿ ಕಂಡಿತು. ಕಣ್ಣುಮಸೂರ ಬದಲಿಸಿದೆ, ಸಮೋಸ. ಪೆಟ್ಟಿಗೆ ತಿರುಗಿಸಿದೆ, ಸಮೋಸವೂ ತಿರುಗಿತು. ತಪ್ಪು ಪೆಟ್ಟಿಗೆಯೊಳಗೇ ಇದೆ ಅಂತ ಆಗ ಗೊತ್ತಾಯಿತು. ರಿಮ್‌ಲೆಸ್ ಫ್ರೇಮಿನ ಸ್ಕ್ರೂ ಬಿಗಿಯಾದರೆ ಲೆನ್ಸಿನಲ್ಲಿ ಒತ್ತಡದ ಗೆರೆ ಬರುತ್ತದೆ ಅಂತ ಧ್ರುವಕ (ಪೋಲರೈಸರ್) ಹಾಳೆ ಹಿಡಿದು ಗಿರಾಕಿಗಳಿಗೆ ತೋರಿಸುವವನು ನಾನೇ. 18 ಮಿ.ಮೀ. ದಪ್ಪದ ಗಾಜು ಬಗ್ಗುತ್ತದೆ ಅಂತ ನನಗೇ ಹೊಳೆದಿರಲಿಲ್ಲ. ಇಲ್ಲಿ ಬಗ್ಗುವುದು ಅಂದರೆ ಬೆಳಕಿನ ಅಲೆಯ ಕಾಲುಭಾಗ. ಅಷ್ಟಕ್ಕೆ ಹೆಬ್ಬೆರಳಿನ ಒತ್ತು ಸಾಕು.

ಈಗ ಮಾಡುವುದು ಹೀಗೆ. ದಪ್ಪ ಪ್ಲೈವುಡ್ ಹಲಗೆಯ ಮೇಲೆ ನಡುವಿನಿಂದ ಅಂಚಿಗೆ ಅರ್ಧ ದಾರಿಯಲ್ಲಿ ಮೂರು ಗುರುತು. ಪ್ರತಿ ಗುರುತಿಗೂ ಒಂದು ರೂಪಾಯಿ ನಾಣ್ಯದ ಅಗಲಕ್ಕೆ ಸಿಲಿಕೋನ್ ಅಂಟು. ವಿನೆಗರ್ ವಾಸನೆ ಬಾರದ ಜಾತಿಯದನ್ನೇ ಕೇಳಿ ತನ್ನಿ. ಪಕ್ಕದಲ್ಲಿ ಮೂರು ಬೆಂಕಿಕಡ್ಡಿ ಇಟ್ಟು ಅದರ ಮೇಲೆ ಕನ್ನಡಿ ಮಲಗಿಸಿ. ಎರಡು ದಿನ ಬಿಟ್ಟು ಕಡ್ಡಿ ಎಳೆದುಬಿಡಿ. ಈಗ ಕನ್ನಡಿ ಮೂರು ರಬ್ಬರ್ ದಿಂಬಿನ ಮೇಲೆ ಕೂತಿದೆ, ಯಾವ ಕಡೆಯಿಂದಲೂ ಯಾರೂ ಒತ್ತುವುದಿಲ್ಲ. ಹಲಗೆಯನ್ನು ಪೆಟ್ಟಿಗೆಯ ತಳಕ್ಕೆ ಮೂರು ಎಂ5 ಬೋಲ್ಟ್, ಮೂರು ಸ್ಪ್ರಿಂಗ್ ಹಾಕಿ ಕೂರಿಸಿ. ಸ್ಪ್ರಿಂಗ್ ಗಟ್ಟಿಯಾಗಿರಲಿ. ಪೆನ್ನಿನ ಸ್ಪ್ರಿಂಗ್ ಹಾಕಿದರೆ ಗುಡಿಬಂಡೆ ರಸ್ತೆಯ ಮೊದಲ ಉಬ್ಬಿಗೇ ಹೊಂದಾಣಿಕೆ ಕೆಡುತ್ತದೆ.

ಅಡ್ಡ ಕನ್ನಡಿಗೂ ಇದೇ ಅಂಟು. ಅದನ್ನು ನಡುಗೆರೆಯಿಂದ 2 ಮಿ.ಮೀ. ಸರಿಸಿ ಅಂಟಿಸಬೇಕು, ಫೋಕಸರಿನಿಂದ ಆಚೆಗೆ ಮತ್ತು ದೊಡ್ಡ ಕನ್ನಡಿಯ ಕಡೆಗೆ. ಕೋನ್ ಇಷ್ಟು ಅಗಲವಾಗಿದ್ದಾಗ 45 ಡಿಗ್ರಿ ಕನ್ನಡಿಯಲ್ಲಿ ದೊಡ್ಡ ಕನ್ನಡಿಗೆ ಹತ್ತಿರದ ತುದಿಗೆ ಬೀಳುವ ಬೆಳಕು ದೂರದ ತುದಿಗೆ ಬೀಳುವುದಕ್ಕಿಂತ ಅಗಲ. ಕನ್ನಡಿಯ ಅಗಲವನ್ನು ಎಫ್ ಸಂಖ್ಯೆಯ ನಾಲ್ಕರಷ್ಟರಿಂದ ಭಾಗಿಸಿ: 35 ಭಾಗಿಸು 17.6, ಸುಮಾರು 2. ಹಿಡಿಯುವ ನಾಲ್ಕು ಕಾಲಿಗೆ ಹ್ಯಾಕ್ಸಾ ಬ್ಲೇಡಿಗಿಂತ ಒಳ್ಳೆಯದು ಕಾಣೆ, ಒಂದು ಬ್ಲೇಡಿನಲ್ಲಿ ನಾಲ್ಕೂ ಆಗುತ್ತವೆ. ಬಗ್ಗುವ ಜಾತಿಯದು ಕೊಳ್ಳಿ. ಪೂರ್ತಿ ಗಟ್ಟಿಯದು ತುಂಡು ಮಾಡುವಾಗ ಚಿಟ್ಟನೆ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಇದನ್ನು ವ್ಯಾಪಾರಕ್ಕೆ ಹೇಳುತ್ತಿಲ್ಲ.

ಫೋಕಸರನ್ನು ಪಕ್ಕದ ಬೀದಿಯ ಲೇತ್ ಅಂಗಡಿಯಲ್ಲಿ ನೈಲಾನ್ ಸಲಾಕೆಯಿಂದ ಮಾಡಿಸಿದೆ. ಒಳಗೆ ಕಣ್ಣುಮಸೂರದ 31.75 ಮಿ.ಮೀ. ಕೊಳವೆಗೆ ಹೊಂದುವ ರಂಧ್ರ, ಹೊರಗೆ 1.5 ಮಿ.ಮೀ. ಅಂತರದ ಮರೆ, ಅಂದರೆ ಸ್ಕ್ರೂವಿನ ಹಾಗೆ ಥ್ರೆಡ್. ತಿರುಗಿಸಿದರೆ ಏರುತ್ತದೆ, ಇಳಿಯುತ್ತದೆ, ಅಷ್ಟೇ. ಎಫ್ 4.4ರಲ್ಲಿ ಫೋಕಸ್ ಸರಿ ಇರುವ ಜಾಗ ಆ ಕಡೆ ಈ ಕಡೆ 0.02 ಮಿ.ಮೀ. ಮಾತ್ರ. ಈ ಮರೆಯಲ್ಲಿ ಅದು 5 ಡಿಗ್ರಿ ತಿರುವು, ಬೆರಳಿಗೆ ಸಿಗುವಂಥದ್ದು. ಹಲ್ಲುಚಕ್ರದ್ದರಲ್ಲಿ ಫೋಕಸ್ ಬಂತು ಅನ್ನುವಷ್ಟರಲ್ಲಿ ದಾಟಿ ಹೋಗುತ್ತಿತ್ತು.

ಒಳಗೆಲ್ಲ ಬ್ಲ್ಯಾಕ್‌ಬೋರ್ಡ್ ಪೇಂಟಿಗೆ ಮರದ ಹೊಟ್ಟು ಕಲಸಿ ಬಳಿಯಿರಿ. ಫೋಕಸರಿನ ಎದುರಿನ ಗೋಡೆಗೆ ಮಾತ್ರ ಒಡವೆ ಪೆಟ್ಟಿಗೆಗೆ ಹಾಕುವ ಕಪ್ಪು ಮಖಮಲ್ ಅಂಟಿಸಿ. ಹಗಲಲ್ಲಿ ಕಣ್ಣುಮಸೂರ ತೆಗೆದು ಒಳಗೆ ಇಣುಕಿದಾಗ ಕನ್ನಡಿ ಬಿಟ್ಟು ಏನೇ ಬೂದು ಬೂದಾಗಿ ಕಂಡರೂ ಅಲ್ಲಿಗೆ ಇನ್ನೊಂದು ಕೈ ಬಣ್ಣ.

ಲೇಸರ್ ಹಿಡಿದು ಹೊಂದಿಸುವುದು

ಬಡ್ಡಿಯ ದೊಡ್ಡ ಕಂತು ಇಲ್ಲಿದೆ. ಪ್ಯಾರಾಬೊಲಾ ಕನ್ನಡಿಯಲ್ಲಿ ಚಿತ್ರ ನಿಜಕ್ಕೂ ಚೂಪಾಗಿರುವುದು ಅದರ ಅಕ್ಷದ ಸುತ್ತ ಒಂದು ಸಣ್ಣ ವೃತ್ತದಲ್ಲಿ ಮಾತ್ರ. ಆಚೆಗೆ ಹೋದಂತೆ ನಕ್ಷತ್ರಕ್ಕೆ ಧೂಮಕೇತುವಿನ ಬಾಲ ಬರುತ್ತದೆ. ಆ ವೃತ್ತದ ಅಗಲ ಎಫ್ ಸಂಖ್ಯೆಯ ಘನವನ್ನು 0.022ರಿಂದ ಗುಣಿಸಿದಷ್ಟು ಮಿ.ಮೀ. ಎಫ್ 7.9ಕ್ಕೆ ಸುಮಾರು 11 ಮಿ.ಮೀ., ಕಣ್ಣುಮುಚ್ಚಿ ಬೋಲ್ಟ್ ತಿರುಗಿಸಿದರೂ ಒಳಗೇ ಇರುತ್ತೀರಿ. ಎಫ್ 4.4ಕ್ಕೆ 1.9 ಮಿ.ಮೀ. ನನ್ನ ಮೂರು ಬೋಲ್ಟುಗಳು 90 ಮಿ.ಮೀ. ವೃತ್ತದ ಮೇಲಿವೆ. ಎಂ5 ಒಂದು ಸುತ್ತಿಗೆ 0.8 ಮಿ.ಮೀ. ಏರುತ್ತದೆ. ಲೆಕ್ಕ ಹಾಕಿದರೆ ಪೂರ್ತಿ ಒಂದು ಸುತ್ತಿಗೆ ಆ ಚೂಪು ವೃತ್ತ 6 ಮಿ.ಮೀ. ಓಡುತ್ತದೆ, ಕಾಲು ಸುತ್ತಿಗೆ 1.5. ಕಾಲು ಸುತ್ತಿಗೇ ಆಟ ಮುಗಿಯಿತು. ಉದ್ದ ಅರ್ಧಕ್ಕೆ ಹತ್ತಿರ ಬಂದಿತು, ಹೊಂದಾಣಿಕೆಯ ಸಡಿಲ ಆರನೇ ಒಂದಕ್ಕೆ ಇಳಿಯಿತು.

ಇದಕ್ಕೆಂದೇ ಫೋಕಸರಿಗೆ ತೂರಿಸುವ ಲೇಸರ್ ಸಿಗುತ್ತದೆ. 1 ಮಿಲಿವ್ಯಾಟ್‌ಗಿಂತ ಕಡಿಮೆಯ ಕೆಂಪಿನದು ತೆಗೆದುಕೊಳ್ಳಿ. ಹಸಿರು ಪಾಯಿಂಟರ್ ಬೇಡ. ಅಗ್ಗದ ಹಸಿರಿನಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ಡೂ ಸೋರಬಹುದು, ಕಾಣದ್ದಕ್ಕೆ ರೆಪ್ಪೆ ಮುಚ್ಚುವುದಿಲ್ಲ. ಹೊಂದಾಣಿಕೆ ಕೆಟ್ಟಿದ್ದಾಗ ಕಿರಣ ಪೆಟ್ಟಿಗೆಯ ಬಾಯಿಂದ ಹೊರಕ್ಕೆ ಬರುತ್ತದೆ, ಆ ಕಡೆ ಮಕ್ಕಳನ್ನು ನಿಲ್ಲಿಸಬೇಡಿ.

ತರಿಸಿದ ಲೇಸರನ್ನು ನಾನು ದೇವರ ಹಾಗೆ ನಂಬಿದೆ. ಎರಡು ವಾರ ಅದು ಹೇಳಿದ ಹಾಗೆ ಬೋಲ್ಟ್ ತಿರುಗಿಸಿದೆ, ಎರಡು ವಾರವೂ ಗುರು ಅಳಿಸಿದ ರಂಗೋಲಿ ಹಾಗೆ ಕಂಡ. ಕೊನೆಗೆ ಒಂದು ದಿನ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಲ್ಲಿ ಬೆಂಚಿನ ಮೇಲೆ ಲೇಸರ್ ಉರುಳಿತು. ಎದುರಿನ ಗೋಡೆಯ ಮೇಲೆ ಚುಕ್ಕಿ ನಿಂತಲ್ಲಿ ನಿಲ್ಲದೆ ಕುಣಿಯಿತು. ಹಲಗೆಗೆ ನಾಲ್ಕು ಮೊಳೆ ಎರಡು ಕತ್ತರಿಯಾಗಿ ಹೊಡೆದು, ಅದರಲ್ಲಿ ಲೇಸರ್ ಮಲಗಿಸಿ ನಿಧಾನಕ್ಕೆ ಹೊರಳಿಸಿದೆ. 3 ಮೀಟರ್ ದೂರದ ಗೋಡೆಯಲ್ಲಿ ಚುಕ್ಕಿ ಒಂದು ರೂಪಾಯಿ ನಾಣ್ಯದಷ್ಟು ದೊಡ್ಡ ವೃತ್ತ ಬರೆಯಿತು. ಕಿರಣ ತನ್ನ ಕೊಳವೆಗೇ ನೆಟ್ಟಗಿರಲಿಲ್ಲ. ಡೊಂಕು ದಾರ ಹಿಡಿದು ಗೋಡೆ ಕಟ್ಟಿದ ಮೇಸ್ತ್ರಿಯ ಕಥೆ ನನ್ನದಾಗಿತ್ತು.

ನೀವು ಲೇಸರ್ ಬಂದ ದಿನವೇ ಈ ಮೊಳೆ ಪರೀಕ್ಷೆ ಮಾಡಿ. ಮೈಮೇಲೆ ರಬ್ಬರಿನ ಅಂಟು ಮುಚ್ಚಿದ ಮೂರು ಸಣ್ಣ ಸ್ಕ್ರೂ ಇರುತ್ತವೆ. ಹೊರಳಿಸುತ್ತಾ, ವೃತ್ತದ ನಡುವಿನ ಕಡೆಗೆ ಚುಕ್ಕಿ ಬರುವಂತೆ ಒಂದೊಂದನ್ನೇ ಕೂದಲೆಳೆಯಷ್ಟು ತಿರುಗಿಸಿ. ವೃತ್ತ ಚುಕ್ಕಿಯಾಗಿ ಕುಗ್ಗಿದ ಮೇಲೆ ಒಂದು ಹನಿ ಉಗುರುಬಣ್ಣ ಹಾಕಿ ಸ್ಕ್ರೂ ಮುಚ್ಚಿ.

ದೊಡ್ಡ ಕನ್ನಡಿಯ ನಟ್ಟನಡುವೆ ಫೈಲಿನ ತೂತಿಗೆ ಅಂಟಿಸುವ ಕಾಗದದ ಬಳೆಯೊಂದನ್ನು ಅಂಟಿಸಿ. ಆ ಜಾಗ ಅಡ್ಡ ಕನ್ನಡಿಯ ನೆರಳಲ್ಲೇ ಇರುವುದರಿಂದ ನಷ್ಟವಿಲ್ಲ. ಮೊದಲು ಲೇಸರ್ ಹಾಕದೆ, ಫೋಕಸರಿಗೆ ಸಣ್ಣ ತೂತಿನ ಮುಚ್ಚಳ ಹಾಕಿ ಇಣುಕಿ, ಅಡ್ಡ ಕನ್ನಡಿ ದುಂಡಗೆ ನಡುವೆ ಕಾಣುವಂತೆ ಮಾಡಿ. ಆಮೇಲೆ ಲೇಸರ್ ಹಾಕಿ ಚುಕ್ಕಿ ಬಳೆಯ ಒಳಗೆ ಬೀಳುವಂತೆ ಅಡ್ಡ ಕನ್ನಡಿಯ ಓರೆ ಹೊಂದಿಸಿ. ಇಲ್ಲಿಯವರೆಗೆ ಲೇಸರನ್ನು ನಂಬಬಹುದು.

ದೊಡ್ಡ ಕನ್ನಡಿಗೆ ಬಂದಾಗ ನಂಬಬೇಡಿ. ಇಲ್ಲಿ ಸ್ವೀಡನ್ನಿನ ಹವ್ಯಾಸಿ ನಿಲ್ಸ್ ಓಲೋಫ್ ಕಾರ್ಲಿನ್ ತೋರಿಸಿದ ಉಪಾಯ ಹಿಡಿಯಿರಿ. ಫೋಕಸರಿಗೆ ಮೊದಲು ಬಾರ್ಲೊ ಮಸೂರ (ಚಿತ್ರ ಇಮ್ಮಡಿ ದೊಡ್ಡದು ಮಾಡಲು ಕಣ್ಣುಮಸೂರದ ಮುಂದೆ ಹಾಕುವಂಥದ್ದು), ಅದರೊಳಗೆ ಲೇಸರ್. ಬಾರ್ಲೊದ ಕೆಳತುದಿಗೆ ನಡುವೆ ತೂತಿರುವ ಬಿಳಿ ಕಾಗದದ ಬಿಲ್ಲೆ. ಬಾರ್ಲೊ ಕಿರಣವನ್ನು ಹರಡುತ್ತದೆ, ಹರಡಿದ ಬೆಳಕು ದೊಡ್ಡ ಕನ್ನಡಿಗೆ ಹೋಗಿ ಮರಳಿ ಬಿಲ್ಲೆಯ ಮೇಲೆ ಬೀಳುತ್ತದೆ, ಅದರಲ್ಲಿ ಕಾಗದದ ಬಳೆಯ ನೆರಳು ಕಾಣುತ್ತದೆ. ನೆರಳಿನ ಬಳೆ ಬಿಲ್ಲೆಯ ತೂತಿನ ಸುತ್ತ ಸರಿಯಾಗಿ ಕೂರುವವರೆಗೆ ಹಿಂದಿನ ಬೋಲ್ಟ್ ತಿರುಗಿಸಿ. ಇದರ ಸೊಗಸು ಏನೆಂದರೆ ಲೇಸರ್ ಸ್ವಲ್ಪ ಡೊಂಕಿದ್ದರೂ ನೆರಳು ಜಾಗ ಬಿಡುವುದಿಲ್ಲ, ಬೆಳಕಿನ ಮಚ್ಚೆ ಮಾತ್ರ ಸರಿಯುತ್ತದೆ. ನಾನಂತೂ ಪ್ರತಿ ರಾತ್ರಿ ಸ್ಕೂಟರ್ ಇಳಿದ ಕೂಡಲೆ ಇದನ್ನು ಮಾಡುತ್ತೇನೆ. ಎರಡು ನಿಮಿಷ. ಒಂದು ಸಲವೂ ನೆರಳು ಬಿಟ್ಟಲ್ಲೇ ಸಿಕ್ಕಿಲ್ಲ.

ಹೊರಗೆ ಒಯ್ದಾಗ

ಸ್ಟ್ಯಾಂಡಿಗೆ ದುಡ್ಡು ಸುರಿಯಬೇಡಿ. ಧ್ರುವ ನಕ್ಷತ್ರಕ್ಕೆ ಹೊಂದಿಸುವ ಸ್ಟ್ಯಾಂಡನ್ನು ಮಾರುತ್ತಾರೆ, ಆದರೆ ನಮ್ಮಲ್ಲಿ ಧ್ರುವ ಇರುವುದೇ ದಿಗಂತದಿಂದ ಹದಿಮೂರೂವರೆ ಡಿಗ್ರಿ ಮೇಲೆ, ಮರದ ಮರೆಯಲ್ಲಿ. ಆ ಸ್ಟ್ಯಾಂಡಿನ ಅಕ್ಷ ಬಹುತೇಕ ಮಲಗಿಬಿಡುತ್ತದೆ. ಸನ್ಮೈಕಾ ಹಲಗೆಯ ಮೇಲೆ ಮೂರು ಟೆಫ್ಲಾನ್ ತುಂಡು, ಅದರ ಮೇಲೆ ಬಾಯಿ ತೆರೆದ ಮರದ ತೊಟ್ಟಿ, ತೊಟ್ಟಿಯಲ್ಲಿ ತೂಗುವ ಪೆಟ್ಟಿಗೆ. ಬೆರಳಲ್ಲಿ ತಳ್ಳಿದರೆ ಹೋಗಬೇಕು, ಬಿಟ್ಟರೆ ನಿಲ್ಲಬೇಕು. ಊಟದ ಸ್ಟೂಲಿನ ಮೇಲೆ ಇಟ್ಟುಕೊಳ್ಳಿ. ಗುರಿ ಹುಡುಕಲು ಪಕ್ಕಕ್ಕೆ ಕಟ್ಟುವ ಪುಟ್ಟ ದೂರದರ್ಶಕ, ಫೈಂಡರ್, ಕೂಡ ಬೇಕಿಲ್ಲ, ಇದು ಗಿಡ್ಡತನದ ಲಾಭ: 25 ಮಿ.ಮೀ. ಕಣ್ಣುಮಸೂರದಲ್ಲಿ 20 ಪಟ್ಟು ದೊಡ್ಡದಾಗಿ, ಎರಡೂವರೆ ಡಿಗ್ರಿ ಆಕಾಶ ಒಮ್ಮೆಗೇ ಕಾಣುತ್ತದೆ. ಐದು ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಪೆಟ್ಟಿಗೆಯ ಅಂಚಿಗೆ ಎರಡು ಮೊಳೆ ಹೊಡೆದು ಬಂದೂಕಿನ ಗುರಿಯ ಹಾಗೆ ನೋಡಿದರೆ ಸಿಗುತ್ತದೆ.

ನಂದಿ ಬೆಟ್ಟದ ಮೇಲಕ್ಕೆ ರಾತ್ರಿ ಬಿಡುವುದಿಲ್ಲ, ಬಿಟ್ಟರೂ ದಕ್ಷಿಣಕ್ಕೆ ಬೆಂಗಳೂರಿನ ಬೆಳಕು ಎದ್ದು ನಿಂತಿರುತ್ತದೆ. ಉತ್ತರಕ್ಕೆ ಹೋದಷ್ಟೂ ವಾಸಿ. ನಾನು ಹೋಗುವುದು ಗುಡಿಬಂಡೆಯ ಅಮಾನಿ ಭೈರಸಾಗರದ ಆಚೆಗೆ. ಏಪ್ರಿಲ್ ಕೊನೆಗೆ ರಾತ್ರಿ ಹನ್ನೊಂದರ ಸುಮಾರಿಗೆ ದಕ್ಷಿಣದಲ್ಲಿ 29 ಡಿಗ್ರಿ ಎತ್ತರಕ್ಕೆ ಒಮೇಗಾ ಸೆಂಟಾರಿ ಎಂಬ ನಕ್ಷತ್ರಗಳ ಗೊಂಚಲು ಬರುತ್ತದೆ. 20 ಪಟ್ಟಿನಲ್ಲಿ ಹತ್ತಿಯ ಉಂಡೆ, 10 ಮಿ.ಮೀ. ಕಣ್ಣುಮಸೂರಕ್ಕೆ ಬಾರ್ಲೊ ಸೇರಿಸಿ 100 ಪಟ್ಟು ಮಾಡಿದರೆ ರವೆ ಚೆಲ್ಲಿದ ಹಾಗೆ ಚುಕ್ಕಿ ಬಿಡಿಸಿಕೊಳ್ಳುತ್ತದೆ. ಯುರೋಪಿನವರಿಗೆ ಇದು ಸಿಗುವುದೇ ಕಷ್ಟ.

ಕನ್ನಡಿಗೆ ಹೊರಗಿನ ತಂಪು ಹಿಡಿಯಲು ಅರ್ಧ ಗಂಟೆ ಬಿಡಿ. ಆ ಹೊತ್ತಿನಲ್ಲಿ ಒಂದು ನಕ್ಷತ್ರವನ್ನು ಫೋಕಸಿನಿಂದ ತುಸು ಆಚೆಗೆ ಒಯ್ದು ನೋಡಿ. ಉಂಗುರದೊಳಗೆ ಉಂಗುರ ಸಮವಾಗಿ ಕಂಡರೆ ಹೊಂದಾಣಿಕೆ ಸರಿ, ಒಂದು ಕಡೆ ಒತ್ತರಿಸಿದ್ದರೆ ಬೋಲ್ಟ್ ಕಾಲು ಸುತ್ತಲ್ಲ, ಅದರ ನಾಲ್ಕನೇ ಒಂದು ತಿರುಗಿಸಿ. ಸಮೋಸ ಕಂಡರೆ ಗೊತ್ತಲ್ಲ.

ಒಮ್ಮೆ ಹೀಗೇ ಕೂತಿದ್ದಾಗ ಗಸ್ತಿನ ಜೀಪು ಬಂದು ನಿಂತಿತು. ಕಪ್ಪು ಪೆಟ್ಟಿಗೆ ಆಕಾಶಕ್ಕೆ ಬಾಯಿ ತೆರೆದಿದೆ, ಪಕ್ಕದಲ್ಲಿ ಕೆಂಪು ದೀಪ ಮಿನುಗುತ್ತಿದೆ. "ಏನ್ರೀ ಅದು, ಫಿರಂಗಿನಾ?" ಅಂದರು. ಶನಿಗೆ ಹಿಡಿದು ಕೊಟ್ಟೆ. 2025ರ ಮಾರ್ಚಿನಲ್ಲಿ ಉಂಗುರ ನಮಗೆ ಅಂಚು ತೋರಿಸಿ ಮಾಯವಾಗಿತ್ತು, ಆಮೇಲೆ ಮೆಲ್ಲಗೆ ಮತ್ತೆ ತೆರೆದುಕೊಳ್ಳುತ್ತಾ ಬಂದಿದೆ. ಇದು ಆ ತೆಳ್ಳನೆಯ ಗೆರೆ ಇದ್ದ ಕಾಲ. ನೋಡಿದವರು "ಕಡ್ಡಿ ಚುಚ್ಚಿದ ಗೋಲಿ ಥರ ಐತಲ್ಲಣ್ಣ" ಅಂದರು. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಹಗಲಲ್ಲಿ ಇದನ್ನು ಸೂರ್ಯನ ಕಡೆ ತಿರುಗಿಸಬೇಡಿ, ಕಿಟಕಿ ಪಕ್ಕ ಬಾಯಿ ತೆರೆದು ಇಡಲೂ ಬೇಡಿ. ಕಣ್ಣೂ ಹೋಗುತ್ತದೆ, ಪರದೆಗೂ ಬೆಂಕಿ ಹತ್ತುತ್ತದೆ.

ಜನವರಿಯ ರಾತ್ರಿ ಮೂರು ಗಂಟೆಗೆ ಇಬ್ಬನಿ ಶುರುವಾಗುತ್ತದೆ. ಯೋಗದ ಚಾಪೆಯ ತುಂಡನ್ನು ಪೆಟ್ಟಿಗೆಯ ಬಾಯಿಗೆ ಸುತ್ತಿದರೆ ಒಂದು ಗಂಟೆ ಹೆಚ್ಚು ಸಿಗುತ್ತದೆ. ಮಂಜು ಕೂತ ಕನ್ನಡಿಯನ್ನು ಒರೆಸಲು ಕೈ ಹೋಗುತ್ತದೆ, ನನ್ನ ಜೇಬಲ್ಲಂತೂ ಸದಾ ಕನ್ನಡಕದ ಬಟ್ಟೆ ಇರುತ್ತದೆ. ಒಮ್ಮೆ ಒರೆಸಿದೆ. ಅಲ್ಯೂಮಿನಿಯಂ ಪದರ ಗಾಜಿನ ಮೇಲ್ಮೈಯಲ್ಲೇ ಇರುತ್ತದೆ, ಬಟ್ಟೆಗೆ ಅಂಟಿದ ಧೂಳು ಅದರ ಮೇಲೆ ಗೀಚಿದ ಬಾಚಣಿಗೆ ಗೆರೆಗಳು ಇವತ್ತಿಗೂ ಇವೆ. ಒರೆಸದೆ ಮನೆಗೆ ತಂದು, ಮುಚ್ಚಳ ಹಾಕದೆ, ಬಾಯಿ ಕೆಳಗೆ ಮಾಡಿ ಎರಡು ಇಟ್ಟಿಗೆಯ ಮೇಲೆ ನಿಲ್ಲಿಸಿ. ಬೆಳಿಗ್ಗೆ ಒಣಗಿರುತ್ತದೆ. ವರ್ಷಕ್ಕೊಂದು ಸಲ ತೊಳೆಯಬೇಕು ಅನಿಸಿದರೆ ನಲ್ಲಿ ನೀರು ಹರಿಸಿ, ಪಾತ್ರೆ ಸೋಪಿನ ಒಂದು ಹನಿ ಹಾಕಿ, ಹತ್ತಿಯನ್ನು ಅದರ ತೂಕದಲ್ಲೇ ಜಾರಿಸಿ, ಕೊನೆಗೆ ಬ್ಯಾಟರಿಗೆ ಹಾಕುವ ಶುದ್ಧ ನೀರು ಸುರಿದು ಓರೆಯಾಗಿ ನಿಲ್ಲಿಸಿ. ಅಂಗಡಿಯವರಿಗೆ ಡಿಸ್ಟಿಲ್ಡ್ ವಾಟರ್ ಅಂತ ಬಿಡಿಸಿ ಹೇಳಿ, ಆ್ಯಸಿಡ್ ಡಬ್ಬಿಯೂ ಅದರ ಪಕ್ಕದಲ್ಲೇ ಇರುತ್ತದೆ. ಒಣಗಿದ ಮೇಲೆ ಸ್ನಾನಕ್ಕೆ ತಲೆಗೆ ಹಾಕುವ ಪ್ಲಾಸ್ಟಿಕ್ ಟೋಪಿಯನ್ನು ಪೆಟ್ಟಿಗೆಯ ಬಾಯಿಗೆ ಹಾಕಿ. 150 ಮಿ.ಮೀ. ಬಾಯಿಗೆ ಅದು ಹೇಳಿ ಮಾಡಿಸಿದ ಹಾಗೆ ಕೂರುತ್ತದೆ.